ಭೂಮಿ, ಆಯುಸ್ಸು, ಆಪದ್ಧನ: ಆಜೀವ ವಿಮೆಯನ್ನು ಕುರಿತ ವಾದವೊಂದರ ವಿಮರ್ಶೆ
(ಮೇಲುಕೋಟೆಯ ಭೂಚರಿತ್ರೆಯ ಹಿನ್ನೆಲೆಯಲ್ಲಿ)

ಭೂಮಿಯನ್ನು ಕೊಂಡು ಅದರ ಬೆಲೆಯ ಏರಿಕೆಯನ್ನೂ ಅದರಿಂದ ಬರುವ ಗೇಣಿ ಬಾಡಿಗೆಗಳನ್ನೂ ನಂಬಿ ಬಾಳುವವನು ಜೊತೆಯಲ್ಲಿ ಒಂದು ಆಜೀವ ವಿಮೆಯನ್ನೂ ಇಟ್ಟುಕೊಂಡಿರತಕ್ಕದ್ದು. ಕಷ್ಟಕಾಲ ಬಂದಾಗ ಭೂಮಿಯನ್ನು ಮಾರದೆ ಆ ವಿಮೆಯ ಮೇಲೆ ಸಾಲ ತೆಗೆದು ನಿಭಾಯಿಸಬಹುದು. ಅವನು ತೀರಿಕೊಂಡ ಮೇಲೆ ವಿಮೆಯ ಹಣದಿಂದ ಸಾಲ ತೀರಿ ಭೂಮಿ ಮಕ್ಕಳಿಗೆ ಉಳಿಯುತ್ತದೆ. ಹೀಗೊಂದು ವಾದ ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿಯೂ ಕೇಳಿಬರುತ್ತಿದೆ. ಮೇಲುನೋಟಕ್ಕೆ ಇದು ಅರ್ಥಶಾಸ್ತ್ರಜ್ಞರೂ ವಿಮಾ ಪ್ರತಿನಿಧಿಗಳೂ ಚರ್ಚಿಸತಕ್ಕ ವಿಷಯ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಬಹುದು. ಆದರೆ ಈ ವಾದ ಚರಿತ್ರೆಯನ್ನು ಕುರಿತ ಎರಡು ನಂಬಿಕೆಗಳ ಮೇಲೆ ನಿಂತಿದೆ. ಭೂಮಿಗೆ ಬರುವ ಕಷ್ಟವೆಲ್ಲ ತಾತ್ಕಾಲಿಕವಾದುದು, ಕೆಲವು ವರ್ಷ ಕಾದರೆ ಭೂಮಿ ತನ್ನ ಒಡೆಯನನ್ನು ಕೈಬಿಡುವುದಿಲ್ಲ ಎಂಬುದು ಮೊದಲನೆಯದು. ವಿಮೆಯ ಹಣ ಬೇಕೆಂದಾಗ ಸಿಕ್ಕಿಯೇ ಸಿಕ್ಕುತ್ತದೆ ಎಂಬುದು ಎರಡನೆಯದು. ಇವೆರಡೂ ಹಿಂದೆ ನಡೆದುದನ್ನು ಆಧಾರವಾಗಿ ಹೇಳಿದ ಮಾತುಗಳಾದುದರಿಂದ, ಹಿಂದೆ ನಡೆದುದೇನೆಂಬುದನ್ನು ನೋಡಿಯೇ ಇವನ್ನು ಪರೀಕ್ಷಿಸಬೇಕಾಗುತ್ತದೆ.

ಪರೀಕ್ಷೆಗೆ ನಾವು ಮೇಲುಕೋಟೆಯನ್ನು ಆರಿಸಿಕೊಂಡಿದ್ದೇವೆ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ ಈ ಬೆಟ್ಟದೂರು ಯಾದವಗಿರಿ, ತಿರುನಾರಾಯಣಪುರ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿದೆ. ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆಗಳ ನಡುವೆ ಇರುವ ಇದರ ಸುತ್ತಿನ ಗದ್ದೆ, ಹೊಲ, ತೋಟಗಳು ಹೊಯ್ಸಳರ ಕಾಲದಿಂದಲೂ ದೇವರಿಗೆ, ವಿದ್ವಾಂಸರಿಗೆ, ಸೇವೆಯವರಿಗೆ ದತ್ತಿಯಾಗಿ ಬಂದವು. ದೇವಸ್ಥಾನ, ಇನಾಂದಾರ, ಗೇಣಿದಾರ, ಸ್ವಂತ ಸಾಗುವಳಿಯ ರೈತ, ಇಂದಿನ ನಗರವಾಸಿ ಖರೀದಿದಾರ, ಹೀಗೆ ಭೂಮಿಗೆ ಒಡೆಯರಾಗಬಹುದಾದ ಎಲ್ಲ ಬಗೆಯವರನ್ನೂ ಈ ನೆಲ ಕಂಡಿದೆ. ಭೂಮಿಯ ಭದ್ರತೆಯನ್ನು ಕುರಿತು ಮಾತನಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕುವುದು ವಿರಳ.

1. ವಾದದ ಸ್ವರೂಪ

ವಿಮರ್ಶೆಗೆ ಮುಂಚೆ ವಾದವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸುವುದು ನ್ಯಾಯ. ಆಜೀವ ವಿಮೆಯೆಂದರೆ ಇಷ್ಟು ವರ್ಷವೆಂಬ ಕಿರಿಯ ಅವಧಿಗೆ ಕಟ್ಟುಬೀಳದೆ, ವಿಮೆ ಮಾಡಿಸಿದವನ ಆಯುಸ್ಸಿನ ಕೊನೆಯವರೆಗೂ ನಡೆಯುವ ವಿಮೆ. ಸಾವು ಎಂದಾದರೂ ಬರತಕ್ಕದ್ದೇ ಆದುದರಿಂದ ವಿಮಾ ಸಂಸ್ಥೆ ಒಂದಲ್ಲ ಒಂದು ದಿನ ಹಣವನ್ನು ಕೊಡಲೇಬೇಕು. ಆದಕಾರಣ ಮೊದಲ ವರ್ಷಗಳಲ್ಲಿ ವಸೂಲಾಗುವ ಕಂತು ಆ ವಯಸ್ಸಿನ ಸಾವಿನ ಸಂಭವಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿರುತ್ತದೆ. ಈ ಹೆಚ್ಚಳವೇ ಸಂಚಿತ ನಿಧಿಯಾಗಿ ಬೆಳೆಯುತ್ತದೆ. ಪಾಲಿಸಿಯನ್ನು ನಡುವೆ ಬಿಟ್ಟುಕೊಟ್ಟರೆ ಕೈಗೆ ಬರುವ ಹಣಕ್ಕೆ ಸರೆಂಡರ್ ಮೌಲ್ಯವೆಂದು ಹೆಸರು. ಪಾಲಿಸಿಯನ್ನು ಬಿಡದೆಯೇ ಅದನ್ನು ಒತ್ತೆಯಿಟ್ಟು ಸಾಮಾನ್ಯವಾಗಿ ಆ ಮೌಲ್ಯದ ಶೇಕಡ 90ರವರೆಗೆ ಸಾಲ ಪಡೆಯುವುದೂ ಉಂಟು. ನಮ್ಮ ದೇಶದ ಜೀವ ವಿಮಾ ನಿಗಮ 2017ರಲ್ಲಿ ಹೊರತಂದ ‘ಜೀವನ್ ಉಮಂಗ್’ ಈ ಜಾತಿಯದು. ಕಂತು ಕಟ್ಟುವ ಅವಧಿ ಮುಗಿದ ಮೇಲೆ ಮೂಲ ವಿಮಾ ಮೊತ್ತದ ಶೇಕಡ 8ರಷ್ಟನ್ನು ವರ್ಷವರ್ಷವೂ ಕೊಡುತ್ತ, 100 ವರ್ಷದ ವಯಸ್ಸಿನವರೆಗೆ ರಕ್ಷಣೆಯನ್ನು ಉಳಿಸುವ ಏರ್ಪಾಡು ಅದರಲ್ಲಿದೆ.

ಇಂಥ ವಿಮೆಯನ್ನು ಭೂವ್ಯವಹಾರದೊಡನೆ ಜೋಡಿಸುವ ವಾದ ಅಮೆರಿಕದಿಂದ ಬಂದುದು. ಅಲ್ಲಿನ ನೆಲ್ಸನ್ ನ್ಯಾಶ್ ಎಂಬಾತ ಮೊದಲು ಅರಣ್ಯಶಾಸ್ತ್ರದ ಕಸಬಿನವನು, ಅನಂತರ ವಿಮಾ ಪ್ರತಿನಿಧಿ. ಭೂಮಿಯಲ್ಲಿ ಹಣ ತೊಡಗಿಸಿ, 1980ರ ದಶಕದ ಆರಂಭದಲ್ಲಿ ಬಡ್ಡಿಯ ಏರಿಕೆಗೆ ಸಿಕ್ಕಿ ಕಷ್ಟಪಟ್ಟವನು. ಆ ದೇಶದ ಬ್ಯಾಂಕುಗಳ ಮುಖ್ಯ ಬಡ್ಡಿದರ 1980ರ ಡಿಸೆಂಬರಿನಲ್ಲಿ ಶೇಕಡ 21.5ನ್ನು ಮುಟ್ಟಿತ್ತು. ಹಳೆಯ ಪಾಲಿಸಿಗಳ ಮೇಲೆ ಅದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಸಾಲ ಸಿಕ್ಕುತ್ತಿದ್ದುದನ್ನು ಕಂಡು, ಪ್ರತಿಯೊಬ್ಬನೂ ಆಜೀವ ವಿಮೆಯ ಮೂಲಕ ತನಗೆ ತಾನೇ ಬ್ಯಾಂಕು ಆಗಬಹುದೆಂದು ಅವನು ಪ್ರತಿಪಾದಿಸಿದನು. 2000ದಲ್ಲಿ ಹೊರಬಂದ ಅವನ ‘ಬಿಕಮಿಂಗ್ ಯುವರ್ ಓನ್ ಬ್ಯಾಂಕರ್’ ಈ ಪಂಥದ ಮೂಲಗ್ರಂಥವಾಯಿತು.

ವಾದದ ಅಂಗಗಳು ಮೂರು: ಕಷ್ಟಕಾಲದಲ್ಲಿ ನಗದು ಒದಗುವುದು, ಸಾವಿನಲ್ಲಿ ಸಾಲ ತೀರುವುದು, ಸಾಲಗಾರರ ಜಪ್ತಿಯಿಂದ ಕುಟುಂಬದ ಹಣ ಉಳಿಯುವುದು. ಮೂರನೆಯ ಅಂಗಕ್ಕೆ ನಮ್ಮ ಕಾನೂನಿನಲ್ಲಿ ಗಟ್ಟಿಯಾದ ಆಧಾರವಿದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ 6ನೆಯ ಪ್ರಕರಣದ ಪ್ರಕಾರ, ಗಂಡನು ಹೆಂಡತಿ ಮಕ್ಕಳ ಹಿತಕ್ಕೆಂದು ಸ್ಪಷ್ಟವಾಗಿ ನಮೂದಿಸಿ ತನ್ನ ಜೀವದ ಮೇಲೆ ಮಾಡಿಸಿದ ವಿಮೆ ಒಂದು ನ್ಯಾಸವಾಗುತ್ತದೆ. ಅದು ಅವನ ಹಿಡಿತಕ್ಕೂ ಅವನ ಸಾಲಗಾರರ ಹಿಡಿತಕ್ಕೂ ಸಿಕ್ಕುವುದಿಲ್ಲ. ಸಾಲಗಾರರನ್ನು ವಂಚಿಸುವ ಉದ್ದೇಶದಿಂದ ಕಂತು ಕಟ್ಟಿದ್ದರೆ ಮಾತ್ರ ಬೇರೆ ಮಾತು. ಹಿಂದೂಗಳು ಮೊದಲಾದವರಿಗೆ ಈ ರಕ್ಷಣೆ ಮದರಾಸು ಪ್ರಾಂತದಲ್ಲಿ 1913ರ ಕೊನೆಯಿಂದಲೂ ಬ್ರಿಟಿಷ್ ಇಂಡಿಯದ ಉಳಿದ ಕಡೆ 1923ರಿಂದಲೂ ಸ್ಪಷ್ಟವಾಗಿ ಅನ್ವಯಿಸಿತು. 1976ರ ತಿದ್ದುಪಡಿಯ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವೂ ಜೀವವಿಮೆಯ ಹಣವನ್ನು ಜಪ್ತಿಯಿಂದ ಹೊರಗಿಟ್ಟಿತು. ಈ ಅಂಗವನ್ನು ನಾವು ಒಪ್ಪುತ್ತೇವೆ. ವಿವಾದವಿರುವುದು ಮೊದಲನೆಯದರಲ್ಲಿ, ಎರಡನೆಯದರಲ್ಲಿ ಸ್ವಲ್ಪಮಟ್ಟಿಗೆ.

2. ಆಚಂದ್ರಾರ್ಕವೆಂಬ ಮಾತು

ದಾನಶಾಸನಗಳಲ್ಲಿ ಭೂಮಿಯನ್ನು ‘ಆಚಂದ್ರಾರ್ಕ’ವಾಗಿ, ಎಂದರೆ ಸೂರ್ಯಚಂದ್ರರಿರುವವರೆಗೂ ನಡೆಯುವಂತೆ ಕೊಡುವುದು ರೂಢಿ. ಮೇಲುಕೋಟೆಯ ಚರಿತ್ರೆ ಈ ಮಾತಿನ ನೆರಳಿನಲ್ಲಿಯೇ ನಡೆದಿದೆ. ಶ್ರೀ ರಾಮಾನುಜಾಚಾರ್ಯರು ಹೊಯ್ಸಳ ವಿಷ್ಣುವರ್ಧನನ ನಾಡಿಗೆ ಬಂದು ಇಲ್ಲಿ ಸುಮಾರು 12 ವರ್ಷ ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ವಿಜಯನಗರದ ಕಾಲದಲ್ಲಿ ನಾಗಮಂಗಲದ ತಿಮ್ಮಣ್ಣ ದಂಡನಾಯಕನ ಮನೆತನ ಇಲ್ಲಿ ಕಟ್ಟಡಗಳನ್ನು ಕಟ್ಟಿಸಿತು. ಆ ದಂಡನಾಯಕನ ಪತ್ನಿ ರಂಗಮಂಟಪವನ್ನು ಕಟ್ಟಿಸಿದ ಸಂಗತಿ 1458ರ ಶಾಸನದಿಂದ ತಿಳಿಯುತ್ತದೆ. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಈ ಕ್ಷೇತ್ರದ ಮುಖ್ಯ ಪೋಷಕರಾದರು. ಅವರಿಂದ ಬಂದ ರಾಜಮುಡಿ, ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಬಂದ ಕೃಷ್ಣರಾಜಮುಡಿ, ಇವೆರಡಕ್ಕಿಂತ ಪ್ರಾಚೀನವೆಂದು ಪ್ರಸಿದ್ಧವಾದ ವೈರಮುಡಿ, ಈ ಮೂರು ಕಿರೀಟಗಳ ಹೆಸರನ್ನು ತಿಳಿಯದವರಿಲ್ಲ. ಈ ಸೀಮೆಯ ಶಾಸನಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ 6ನೆಯ ಸಂಪುಟದಲ್ಲಿ ವಿದ್ಯಾರ್ಥಿಗಳು ನೋಡಬಹುದು.

ಇಲ್ಲಿ ಒಂದು ಆಕ್ಷೇಪವನ್ನು ಮೊದಲೇ ಎದುರಿಸುವುದು ಒಳ್ಳೆಯದು. ದೇವಸ್ಥಾನವೂ ಒಂದು ದೊಡ್ಡ ಭೂಮಾಲೀಕ ಸಂಸ್ಥೆಯೇ. ಅದರ ಭಂಡಾರದ ಒಡವೆಗಳೇ ಅದರ ಆಪದ್ಧನ. ಆದುದರಿಂದ ಭೂಮಿಯ ಜೊತೆಗೆ ಬೇರೊಂದು ಸಂಚಯವನ್ನಿಡುವ ನೀತಿ ನಮ್ಮ ಪೂರ್ವಿಕರಿಗೂ ಗೊತ್ತಿತ್ತು ಎಂದು ಯಾರಾದರೂ ಹೋಲಿಕೆ ಹೂಡಬಹುದು. ಹೋಲಿಕೆ ಆಕರ್ಷಕವಾದುದು, ಆದರೆ ನಿಲ್ಲತಕ್ಕದ್ದಲ್ಲ. ಆಪದ್ಧನವೆಂಬುದು ಆಪತ್ತಿನಲ್ಲಿ ಖರ್ಚಾಗಬೇಕು. ವೈರಮುಡಿ ಖರ್ಚಾಗುವ ಒಡವೆಯಲ್ಲ. ಅದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿದ್ದು ಉತ್ಸವದ ದಿನ ಬಿಗಿಯಾದ ಕಾವಲಿನಲ್ಲಿ ಬೆಟ್ಟಕ್ಕೆ ಬಂದು ಮತ್ತೆ ಖಜಾನೆಗೆ ಮರಳುತ್ತದೆ. ಅದನ್ನು ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ಬೆಲೆಯುಳ್ಳದ್ದೆಲ್ಲ ಕೈಗೊದಗುವ ಹಣವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ದೇವಸ್ಥಾನ ಶತಮಾನಗಳನ್ನು ದಾಟಿ ಉಳಿದುದು ಒಡವೆಯ ಬಲದಿಂದಲ್ಲ. ಒಂದು ರಾಜವಂಶ ಹೋದಾಗ ಇನ್ನೊಂದು ಬಂದು, ಒಂದು ದತ್ತಿ ನಿಂತಾಗ ಇನ್ನೊಂದನ್ನು ಕೊಡುವ ಪೋಷಕರಿದ್ದುದರಿಂದ. ಗೃಹಸ್ಥನಿಗೆ ಆ ಸೌಕರ್ಯವಿಲ್ಲ.

3. ಸಂಬಳ ಮತ್ತು ವಿಮೆ

ಗೃಹಸ್ಥನ ಜೀವಕ್ಕೆ ವಿಮೆಯೆಂಬ ಏರ್ಪಾಡು ಮೈಸೂರಿನಲ್ಲಿ ಬೇರೂರಿದುದು ವ್ಯಾಪಾರಿಗಳಿಂದಲ್ಲ, ಸರ್ಕಾರದಿಂದ. ಕಲ್ಕತ್ತೆಯಲ್ಲಿ 1818ರಲ್ಲಿಯೇ ಓರಿಯಂಟಲ್ ಎಂಬ ಜೀವವಿಮಾ ಕಂಪನಿ ಹುಟ್ಟಿತ್ತು. ಮುಂಬಯಿಯಲ್ಲಿ 1870ರ ದಶಕದಲ್ಲಿ ದೇಶೀಯರ ಸಂಸ್ಥೆಗಳು ಎದ್ದವು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಳಿಕೆಯಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, 1891ರಲ್ಲಿ ಸರ್ಕಾರಿ ನೌಕರರಿಗಾಗಿ ಸಂಸ್ಥಾನದ ಸ್ವಂತ ಜೀವವಿಮೆ ಆರಂಭವಾಯಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. 1958ರ ನಿಯಮಗಳು ರಾಜ್ಯದ ನೌಕರರಿಗೆ ಈ ವಿಮೆಯನ್ನು ಕಡ್ಡಾಯ ಮಾಡಿದವು. ಇದು ಶುದ್ಧವಾದ ಆಜೀವ ವಿಮೆಯಲ್ಲ, ನಿಯತ ವಯಸ್ಸಿಗೆ ಹಣ ಕೈಸೇರುವ ಬಗೆಯದು; ಆದರೂ ಕಂತಿನಿಂದ ನಿಧಿ ಬೆಳೆಯುವುದು, ಅದರ ಮೇಲೆ ಸಾಲ ಸಿಕ್ಕುವುದು, ಸಾವಿನಲ್ಲಿ ಕುಟುಂಬಕ್ಕೆ ಹಣ ಸೇರುವುದು, ಈ ಮುಖ್ಯ ಲಕ್ಷಣಗಳಲ್ಲಿ ಎರಡೂ ಒಂದೇ.

ಈ ಯೋಜನೆ ಹುಟ್ಟಿದ ಕಾಲವನ್ನು ನೆನೆಯಬೇಕು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1876ರಿಂದ 1878ರವರೆಗಿನ ಮಹಾಕ್ಷಾಮದ ತರುವಾಯ, 1881ರಲ್ಲಿ, ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಭೂಮಿ ಇದ್ದಲ್ಲಿಯೇ ಇತ್ತು. ಅದನ್ನು ಉಳುವ ಜೀವಗಳು ಹೋಗಿದ್ದವು. ಭೂಮಿಯೊಂದೇ ಭದ್ರತೆಯೆಂಬ ಮಾತಿಗೆ ಆ ಹತ್ತು ವರ್ಷಗಳ ಅಂಕಿಗಳೇ ಉತ್ತರ.

ಮುಂದಿನ ಕಾಲದಲ್ಲಿ ಭೂಮಿಯುಳ್ಳ ವಿದ್ಯಾವಂತ ಮನೆತನಗಳು ಹಳ್ಳಿಯನ್ನೂ ಅಗ್ರಹಾರವನ್ನೂ ಬಿಟ್ಟು ಮೈಸೂರು ಬೆಂಗಳೂರುಗಳ ಕಚೇರಿಗಳಿಗೆ ಸೇರಿದುದು ಹಳೆಯ ಮೈಸೂರಿನ ಸಮಾಜಚರಿತ್ರೆಯ ಒಂದು ಮುಖ್ಯ ಘಟನೆ. ಮೇಲುಕೋಟೆಯಲ್ಲಿ 1905ರಲ್ಲಿ ಜನಿಸಿದ ಕವಿ ಪು. ತಿ. ನರಸಿಂಹಾಚಾರ್ಯರೂ ಮೈಸೂರು ಸರ್ಕಾರದ ಸೈನ್ಯ ಇಲಾಖೆಯಲ್ಲಿ ನೌಕರಿ ಮಾಡಿದವರೇ. ಹೀಗೆ ಹೊರಟ ಮನೆತನಗಳ ಗದ್ದೆಗಳು ಊರಿನಲ್ಲಿ ಗೇಣಿಗೋ ವಾರಕ್ಕೋ ಇದ್ದವು. ಸುಗ್ಗಿಯಲ್ಲಿ ಅಕ್ಕಿಮೂಟೆ ಪಟ್ಟಣಕ್ಕೆ ಬರುತ್ತಿತ್ತು. ಸಂಬಳದಲ್ಲಿ ವಿಮೆಯ ಕಂತು ಮುರಿದುಕೊಂಡು ಹೋಗುತ್ತಿತ್ತು. ಭೂಮಿ ಒಂದು ಕಡೆ, ವಿಮೆ ಇನ್ನೊಂದು ಕಡೆ. ಇಂದು ನಮ್ಮ ಮುಂದಿರುವ ವಾದ ಯಾವ ಜೋಡಣೆಯನ್ನು ಹೊಸದೆಂದು ಹೇಳುತ್ತದೆಯೋ ಅದು ನಮ್ಮ ಮಧ್ಯಮವರ್ಗದ ಅಜ್ಜಂದಿರ ಕಾಲದಲ್ಲಿಯೇ, ಯಾರೂ ಹೆಸರಿಡದೆ, ಇತ್ತೆಂಬುದು ಇದರಿಂದ ತಿಳಿಯುತ್ತದೆ. ಆದುದರಿಂದ ಅದರ ಫಲವನ್ನು ಊಹಿಸಬೇಕಾಗಿಲ್ಲ, ನೋಡಬಹುದು.

4. 1955 ಮತ್ತು 1974

ಪರೀಕ್ಷೆಯ ಕಾಲ ಎರಡು ಹಂತಗಳಲ್ಲಿ ಬಂದಿತು. 1954ರ ವೈಯಕ್ತಿಕ ಮತ್ತು ಸಂಕೀರ್ಣ ಇನಾಂಗಳ ರದ್ದಿಯಾತಿ ಕಾಯಿದೆ, 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂಗಳ ರದ್ದಿಯಾತಿ ಕಾಯಿದೆ, ಇವೆರಡೂ ಇನಾಂ ಗ್ರಾಮಗಳ ಹಳೆಯ ಹಕ್ಕನ್ನು ಕೊನೆಗಾಣಿಸಿದವು. ದೇವಸ್ಥಾನಗಳಿಗೆ ಭೂಮಿಯ ಉತ್ಪನ್ನಕ್ಕೆ ಬದಲಾಗಿ ಸರ್ಕಾರದಿಂದ ತಸ್ತೀಕೆಂಬ ನಗದು ಬರತೊಡಗಿತು. 1961ರ ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದರೂ ಅದರಿಂದ ದೊಡ್ಡ ಬದಲಾವಣೆಯಾಗಲಿಲ್ಲ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಆದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು, ಗೇಣಿಗೆ ಕೊಟ್ಟಿದ್ದ ಭೂಮಿಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವರು 7ನೆಯ ನಮೂನೆಯ ಅರ್ಜಿಯನ್ನು ಕೊಟ್ಟು, ಭೂ ನ್ಯಾಯಮಂಡಳಿಗಳ ಮುಂದೆ ತಮ್ಮ ಸಾಗುವಳಿಯನ್ನು ಸ್ಥಾಪಿಸಿ, ಒಡೆಯರಾದರು. ಹಳೆಯ ಒಡೆಯರಿಗೆ ಬಂದ ಪರಿಹಾರವನ್ನು ಕಾಯಿದೆಯ ಸೂತ್ರ ನಿಗದಿಮಾಡಿತೇ ಹೊರತು ಮಾರುಕಟ್ಟೆಯ ಬೆಲೆಯಲ್ಲ.

ಈ ಸುಧಾರಣೆ ನ್ಯಾಯವೋ ಅನ್ಯಾಯವೋ ಎಂಬುದು ಪ್ರಕೃತ ವಿಷಯವಲ್ಲ. ಉಳುವವನಿಗೆ ಭೂಮಿ ಸಿಕ್ಕಿದುದನ್ನು ಈ ಶತಮಾನದಲ್ಲಿ ಕುಳಿತು ವ್ಯಥೆಪಡುವ ಕಾರಣ ನಮಗೆ ಕಾಣುವುದಿಲ್ಲ. ನಾವು ಗಮನಿಸಬೇಕಾದುದು ನಷ್ಟದ ಸ್ವರೂಪವನ್ನು. ಆಜೀವ ವಿಮೆಯ ಪಕ್ಷದವರು ಹೇಳುವ ಕಷ್ಟಕಾಲ ಮಳೆಯಿಲ್ಲದ ವರ್ಷ, ಬಾಡಿಗೆಯವನು ಬಿಟ್ಟುಹೋದ ವರ್ಷ, ಬೆಲೆ ಕುಸಿದ ವರ್ಷ, ಹೀಗೆ ಬಂದು ಹೋಗುವಂಥದು. 1974ರ ಮಾರ್ಚ್ 1 ಬಂದು ಹೋಗುವ ದಿನವಾಗಿರಲಿಲ್ಲ. ಕಾಯುವುದರಿಂದ ಏನೂ ಮರಳುವಂತಿರಲಿಲ್ಲ. ಪಾಲಿಸಿಯ ಮೇಲೆ ಎಷ್ಟು ಸಾಲ ಸಿಕ್ಕಿದ್ದರೂ ಅದು ಗೇಣಿಯ ಗದ್ದೆಯನ್ನು ಉಳಿಸುತ್ತಿರಲಿಲ್ಲ. ಆಗ ಆ ಮನೆತನಗಳನ್ನು ನಿಲ್ಲಿಸಿದುದು ಯಾವುದು? ವಿಮೆಯೂ ತನ್ನ ಮಟ್ಟಿಗೆ ನೆರವಾಯಿತು. ಏಕೆಂದರೆ ಅದು ಭೂಮಿಯ ಭಾಗ್ಯಕ್ಕೆ ಕಟ್ಟುಬಿದ್ದಿರಲಿಲ್ಲ. ಆದರೆ ಮುಖ್ಯವಾಗಿ ನಿಲ್ಲಿಸಿದುದು ಸಂಬಳ. ವಿಮೆಯ ಕಂತನ್ನು ಕಟ್ಟುತ್ತಿದ್ದುದು ಸಂಬಳವೇ ಹೊರತು ಗೇಣಿಯಲ್ಲ. ಬೇರೆ ಸಂಪಾದನೆಯಿಲ್ಲದೆ ಗೇಣಿಯನ್ನೇ ನಂಬಿ ಊರಿನಲ್ಲಿ ಉಳಿದವರಿಗೆ, ವಿಧವೆಯರಿಗೆ, ವಯಸ್ಸಾದ ಅರ್ಚಕರಿಗೆ, ಕಂತು ಕಟ್ಟುವ ಶಕ್ತಿಯೂ ಇರಲಿಲ್ಲ, ಗೇಣಿ ಹೋದ ಮೇಲೆ ಆಧಾರವೂ ಇರಲಿಲ್ಲ. ಯಾರಿಗೆ ಹೆಚ್ಚು ಅಗತ್ಯವೋ ಅವರಿಗೆ ಈ ಜೋಡಣೆ ಎಟುಕಲಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ.

ಇದೇ ಜಿಲ್ಲೆಯ ಇನ್ನೊಂದು ಸಾಕ್ಷ್ಯವನ್ನು ಇಲ್ಲಿ ಸೇರಿಸಬಹುದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಸುತ್ತಿನಲ್ಲಿ ಅಧ್ಯಯನ ನಡೆಸಿ 1962ರಲ್ಲಿ ಗ್ರಂಥ ಪ್ರಕಟಿಸಿದರು. ಅದರಲ್ಲಿ ಬರುವ ಎರಡು ಹಳ್ಳಿಗಳಿಗೆ ಅವರು ಇಟ್ಟ ಕಲ್ಪಿತ ಹೆಸರುಗಳು ವಂಗಲ, ದಲೇನ. ಕನ್ನಂಬಾಡಿಯ ನೀರು ವಂಗಲದ ಹೊಲಗಳಿಗೆ ಹರಿಯಿತು. ಅಲ್ಲಿನವರು ಕಬ್ಬು ಬೆಳೆದು, ಅನುಕೂಲಸ್ಥರಾಗಿ, ಬೇಸಾಯದಲ್ಲಿಯೇ ನಿಂತರು. ದಲೇನದ ಭೂಮಿ ಎತ್ತರದಲ್ಲಿದ್ದು ನೀರು ಕಾಣದೆ ಹೋದುದರಿಂದ ಅಲ್ಲಿನವರು ಬೇರೆ ಹಳ್ಳಿಗಳಲ್ಲಿ ಗದ್ದೆ ಕೊಳ್ಳುವುದು, ವ್ಯಾಪಾರ ಹೂಡುವುದು, ಮಂಡ್ಯದಲ್ಲಿ ಕೆಲಸ ಹಿಡಿಯುವುದು, ಹೀಗೆ ನಾನಾ ದಾರಿಗಳನ್ನು ಕಂಡುಕೊಂಡರು. ಭೂಮಿ ಕೈಕೊಟ್ಟ ಊರು ಹೊಸ ಕಸಬುಗಳಿಂದ ತಲೆಯೆತ್ತಿತು. ಆದಾಯದ ಮೂಲಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹಲವಾಗಿದ್ದರೆ ಅದೇ ನಿಜವಾದ ಭದ್ರತೆ. ಕಲ್ಲುಬೆಟ್ಟದ ಮೇಲಿನ ಮೇಲುಕೋಟೆಯಲ್ಲಿ ಒಂದು ದೊಡ್ಡ ಕೆರೆಯನ್ನು ನೆಚ್ಚದೆ ಊರ ತುಂಬ ಕೊಳಗಳನ್ನು ಕಟ್ಟಿದವರಿಗೆ ಈ ತತ್ತ್ವ ಅಪರಿಚಿತವಾಗಿರಲಿಲ್ಲ.

5. ಬೇಕೆಂದಾಗ ಸಿಕ್ಕುವುದೇ?

ಎರಡನೆಯ ನಂಬಿಕೆಯನ್ನು ಪರೀಕ್ಷಿಸಲು ವಾದದ ತವರಾದ ಅಮೆರಿಕಕ್ಕೇ ಹೋಗಬೇಕು. ಅದರ ಪ್ರತಿಪಾದಕರು 1980ನ್ನು ನೆನೆಯುತ್ತಾರೆ. 1933ನ್ನು ನೆನೆಯುವುದು ಕಡಿಮೆ. ಮಹಾ ಆರ್ಥಿಕ ಮುಗ್ಗಟ್ಟಿನಲ್ಲಿ ಲಕ್ಷಾಂತರ ಜನ ಒಟ್ಟಿಗೇ ಪಾಲಿಸಿಯ ಮೇಲೆ ಸಾಲ ಕೇಳತೊಡಗಿದರು. 1933ರ ಮಾರ್ಚಿಯಲ್ಲಿ ದೇಶದ ಬ್ಯಾಂಕುಗಳನ್ನು ಮುಚ್ಚಿದಾಗ ನ್ಯೂಯಾರ್ಕ್ ಮೊದಲಾದ ಸಂಸ್ಥಾನಗಳ ವಿಮಾ ಅಧಿಕಾರಿಗಳು ಪಾಲಿಸಿ ಸಾಲಕ್ಕೂ ಸರೆಂಡರಿಗೂ ಕೆಲವು ತಿಂಗಳ ಕಾಲ ನಿರ್ಬಂಧ ಹಾಕಿದರು. ಸತ್ತವರ ಹಣ ಸಂದಾಯವಾಗುತ್ತಿತ್ತು. ಬದುಕಿದ್ದವರ ಆಪದ್ಧನ ತಡೆಹಿಡಿಯಲ್ಪಟ್ಟಿತು. ಕಾರಣ ಕಷ್ಟವಾದುದಲ್ಲ. ವಿಮಾ ಕಂಪನಿಗಳು ಕಂತಿನ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಕೂಡುವುದಿಲ್ಲ. ಅಂದಿನ ಅಮೆರಿಕದಲ್ಲಿ ಅವು ಅದರ ದೊಡ್ಡ ಭಾಗವನ್ನು ಹೊಲಮನೆಗಳ ಅಡಮಾನದ ಮೇಲೆ ಸಾಲವಾಗಿ ಕೊಟ್ಟಿದ್ದವು. ಬೆಳೆಯ ಬೆಲೆ ಕುಸಿದು ರೈತರು ಸಾಲ ತೀರಿಸಲಾರದೆ ಹೋದಾಗ ಕಂಪನಿಗಳ ಕೈಯಲ್ಲಿ ಉಳಿದುದು ಯಾರಿಗೂ ಬೇಡವಾದ ಹೊಲಗಳು. ಅಯೋವ ಸಂಸ್ಥಾನ 1933ರ ಫೆಬ್ರವರಿಯಲ್ಲಿ ಅಡಮಾನದ ಜಪ್ತಿಗಳನ್ನೇ ತಡೆಯುವ ಕಾಯಿದೆ ಮಾಡಬೇಕಾಯಿತು. ಭೂಮಿಯ ಕಷ್ಟಕ್ಕೆ ರಕ್ಷಣೆಯೆಂದು ಇಟ್ಟ ನಿಧಿ ಕೊನೆಗೆ ಭೂಮಿಯ ಮೇಲೆಯೇ ನಿಂತಿತ್ತು.

ನಮ್ಮ ದೇಶದ ಸ್ಥಿತಿ ಇದಕ್ಕಿಂತ ಭದ್ರವಾದುದೆಂಬುದನ್ನು ಒಪ್ಪಬೇಕು. 1956ರ ಜನವರಿ 19ರ ಸುಗ್ರೀವಾಜ್ಞೆಯಿಂದ 245 ಸಂಸ್ಥೆಗಳ ಆಡಳಿತ ಸರ್ಕಾರದ ವಶಕ್ಕೆ ಬಂದು, ಅದೇ ಸೆಪ್ಟೆಂಬರ್ 1ರಂದು ಜೀವ ವಿಮಾ ನಿಗಮ ಸ್ಥಾಪಿತವಾಯಿತು. ನಿಗಮದ ಪಾಲಿಸಿಗಳಿಗೆ ಕೇಂದ್ರ ಸರ್ಕಾರದ ಭರವಸೆಯಿದೆ. ವಿಮಾ ನಿಧಿಗಳ ದೊಡ್ಡ ಭಾಗ ಸರ್ಕಾರಿ ಸಾಲಪತ್ರಗಳಲ್ಲಿರುವಂತೆ ಕಾನೂನು ನೋಡಿಕೊಳ್ಳುತ್ತದೆ. ಆದುದರಿಂದ 1933ರ ಘಟನೆ ಇಲ್ಲಿ ಹಾಗೆಯೇ ಮರುಕಳಿಸುತ್ತದೆಂದು ನಾವು ಹೇಳುವುದಿಲ್ಲ. ಆದರೆ ಭದ್ರತೆ ಬರುವುದು ನಿಧಿ ಎಲ್ಲಿ ಹೂಡಲ್ಪಟ್ಟಿದೆ, ಹಿಂದೆ ಯಾರು ನಿಂತಿದ್ದಾರೆ ಎಂಬುದರಿಂದ, ಪಾಲಿಸಿಯ ಹೆಸರಿನಿಂದಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಪಾಶ್ಚಾತ್ಯ ಭೂಮಾಲೀಕರು ಆಜೀವ ವಿಮೆ ಮಾಡಿಸುವುದಕ್ಕೆ ಒಂದು ದೊಡ್ಡ ಕಾರಣ ಮರಣಾನಂತರ ಆಸ್ತಿಯ ಮೇಲೆ ಬೀಳುವ ತೆರಿಗೆ. ಅದನ್ನು ಕಟ್ಟಲು ಭೂಮಿ ಮಾರಬಾರದೆಂದು ವಿಮೆ. ನಮ್ಮಲ್ಲಿ 1953ರಲ್ಲಿ ಬಂದ ಅಂಥ ತೆರಿಗೆ 1985ರಲ್ಲಿ ರದ್ದಾಯಿತು. ಅಲ್ಲಿನ ಪುಸ್ತಕದ ವಾದವನ್ನು ಇಲ್ಲಿಗೆ ತರುವವರು ಈ ಕಂಬ ಇಲ್ಲಿ ಇಲ್ಲವೆಂಬುದನ್ನು ಹೇಳುವುದಿಲ್ಲ.

6. ಒಂದು ಲೆಕ್ಕ

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ಹಾಕೋಣ. ಒಬ್ಬನು 40 ಲಕ್ಷ ರೂಪಾಯಿ ಸಾಲ ಮಾಡಿ ಜಮೀನು ಕೊಂಡಿದ್ದಾನೆ. ಬಡ್ಡಿ ಶೇಕಡ 10ರಂತೆ ವರ್ಷಕ್ಕೆ 4 ಲಕ್ಷ. ಜಮೀನಿನಿಂದ ಬರುವುದು 2 ಲಕ್ಷ. ವರ್ಷಕ್ಕೆ 2 ಲಕ್ಷದ ಕೊರತೆ. ಅವನ ಪಾಲಿಸಿಯ ಸರೆಂಡರ್ ಮೌಲ್ಯ 10 ಲಕ್ಷವೆಂದು ಇಟ್ಟುಕೊಂಡರೆ 9 ಲಕ್ಷದವರೆಗೆ ಸಾಲ ಸಿಕ್ಕೀತು. ಆ ಸಾಲಕ್ಕೆ ಶೇಕಡ 9ರಂತೆ ಬಡ್ಡಿ ಸೇರುತ್ತ ಹೋದರೆ, ವರ್ಷದ ಕೊನೆಗೆ 2 ಲಕ್ಷದಂತೆ ತೆಗೆಯುವವನ ಸಾಲ ಎರಡನೆಯ ವರ್ಷಕ್ಕೆ 4 ಲಕ್ಷ 18 ಸಾವಿರ, ಮೂರನೆಯ ವರ್ಷಕ್ಕೆ ಸುಮಾರು 6 ಲಕ್ಷ 56 ಸಾವಿರ, ನಾಲ್ಕನೆಯ ವರ್ಷಕ್ಕೆ ಸುಮಾರು 9 ಲಕ್ಷ 15 ಸಾವಿರವಾಗುತ್ತದೆ. ನಾಲ್ಕನೆಯ ವರ್ಷದಲ್ಲಿಯೇ ಮಿತಿ ಮೀರಿತು. ಸರೆಂಡರ್ ಮೌಲ್ಯವೂ ವರ್ಷಕ್ಕೆ ಶೇಕಡ 5ರಂತೆ ಬೆಳೆಯುತ್ತದೆಂದು ಉದಾರವಾಗಿ ಎಣಿಸಿದರೂ ಐದನೆಯ ವರ್ಷಕ್ಕೆ ಸಾಲ ಸುಮಾರು 11 ಲಕ್ಷ 97 ಸಾವಿರ, ಮಿತಿ ಸುಮಾರು 11 ಲಕ್ಷ 49 ಸಾವಿರ. ಒಂದು ವರ್ಷದ ಅವಧಿ ಮಾತ್ರ ಹೆಚ್ಚಿತು. ಕಂತು ಕಟ್ಟುವ ಕಾಲ ಇನ್ನೂ ಮುಗಿದಿಲ್ಲವಾದರೆ ಆ ಕಂತನ್ನೂ ಕೊರತೆಗೆ ಸೇರಿಸಬೇಕು. ಅವನು ಈ ನಡುವೆ ತೀರಿಕೊಂಡರೆ ಪಾಲಿಸಿಯ ಸಾಲವನ್ನೂ ಬಡ್ಡಿಯನ್ನೂ ಕಳೆದು ಉಳಿದುದು ಮಾತ್ರ ಕುಟುಂಬಕ್ಕೆ. ಒಂದೇ ಹಣ ಕಷ್ಟಕಾಲಕ್ಕೂ ಸಾವಿಗೂ ಪೂರ್ತಿಯಾಗಿ ಒದಗಲಾರದೆಂಬುದು ಇಲ್ಲಿ ಕಾಣುತ್ತದೆ. ವಾದದ ಮೊದಲ ಅಂಗ ಎರಡನೆಯ ಅಂಗವನ್ನು ತಿನ್ನುತ್ತದೆ.

ಹಾಗಾದರೆ ಆಜೀವ ವಿಮೆ ನಿಷ್ಪ್ರಯೋಜಕವೇ? ಹಾಗೆನ್ನುವುದು ಸಲ್ಲದು. ನಾಲ್ಕು ವರ್ಷದ ಬಿಡುವು ಅಲ್ಪವಲ್ಲ. ಅಷ್ಟರಲ್ಲಿ ಆತುರದ ಮಾರಾಟವನ್ನು ತಪ್ಪಿಸಿ ಒಂದು ಭಾಗವನ್ನು ಸಾವಧಾನವಾಗಿ ಮಾರಬಹುದು. ಇನ್ನೊಂದು ಉಪಯೋಗ ನಮ್ಮ ಕುಟುಂಬಗಳಿಗೆ ವಿಶೇಷವಾಗಿ ಸಲ್ಲುವುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ಎರಡು ಎಕರೆ ಗದ್ದೆಯನ್ನು ನಾಲ್ಕು ಮಾಡಿದರೆ ಯಾರಿಗೂ ಬೇಸಾಯ ದಕ್ಕುವುದಿಲ್ಲ. ಭೂಮಿ ಒಬ್ಬರಿಗೆ, ಸಮನಾದ ಹಣ ಉಳಿದವರಿಗೆ ಎಂಬ ಪಾಲು ಸಾಧ್ಯವಾಗಲು ವಿಮೆ ಒಂದು ದಾರಿ. ಆದರೆ ಹೆಸರು ಬರೆಸಿದ ಮಾತ್ರಕ್ಕೆ ಹಣ ಅವರದಾಗುತ್ತದೆಂದು ತಿಳಿಯಬಾರದು. ನಾಮಿನಿಯು ವಾರಸುದಾರರ ಪರವಾಗಿ ಹಣ ಪಡೆಯುವವನು ಮಾತ್ರವೆಂದು ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ಸರ್ಬತಿ ದೇವಿಯ ಮೊಕದ್ದಮೆಯಲ್ಲಿ ಹೇಳಿತು. 2015ರ ತಿದ್ದುಪಡಿ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಗಳಾದಾಗ ಅವರಿಗೇ ಹಣದ ಹಕ್ಕನ್ನು ಕೊಟ್ಟಿತು.

7. ಯಾರ ಭದ್ರತೆ?

ಉಳಿದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. 2020ರ ತಿದ್ದುಪಡಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಪ್ರಕರಣಗಳನ್ನು ತೆಗೆದುಹಾಕಿದುದರಿಂದ, ಕೃಷಿಕರಲ್ಲದವರೂ ಕೃಷಿ ಭೂಮಿಯನ್ನು ಕೊಳ್ಳಲು ಇದ್ದ ಅಡ್ಡಿ ಹೋಯಿತು. 2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಗಿ ಮಂಡ್ಯ ಜಿಲ್ಲೆ ರಾಜಧಾನಿಗೆ ಇನ್ನಷ್ಟು ಹತ್ತಿರವಾಯಿತು. 1974ರಲ್ಲಿ ಗೇಣಿದಾರನಾಗಿದ್ದು ಒಡೆಯನಾದವನ ಮೊಮ್ಮಗನ ಮುಂದೆ ಇಂದು ಪಟ್ಟಣದ ಖರೀದಿದಾರ ನಿಂತಿದ್ದಾನೆ. ಆಜೀವ ವಿಮೆಯ ವಾದ ಪೂರ್ತಿಯಾಗಿ ಈ ಕೊಳ್ಳುವವನನ್ನು ಕುರಿತದ್ದು. ಅವನಿಗೆ ಸಂಬಳವೋ ವ್ಯಾಪಾರವೋ ಇದೆ. ಕಂತು ಕಟ್ಟುವ ಶಕ್ತಿಯಿದೆ. ಜಪ್ತಿಯಿಂದ ರಕ್ಷಿಸುವ ಕಾನೂನಿದೆ. ಮಾರುವವನ ಕೈಗೆ ಬರುವುದು ಒಮ್ಮೆಗೇ ಬಂದ ಹಣ. ಅದು ಮದುವೆ, ಮನೆ, ಹಳೆಯ ಸಾಲಗಳಲ್ಲಿ ಹಂಚಿಹೋದರೆ ಅವನಿಗೆ ಭೂಮಿಯೂ ಇಲ್ಲ, ನಿಧಿಯೂ ಇಲ್ಲ. ಭೂಮಿಯ ಅಪಾಯವನ್ನು ಹೊರಲು ಸಮರ್ಥನಾದವನಿಗೆ ರಕ್ಷಣೆಯನ್ನು ಬೋಧಿಸುವ ಗ್ರಂಥಗಳು ಹಲವು. ಭೂಮಿಯನ್ನು ಬಿಟ್ಟವನಿಗೆ ಬೋಧಿಸುವವರು ಕಡಿಮೆ.

ಮಾರುವವನಿಗೂ ಸಣ್ಣ ಹಿಡುವಳಿಯ ರೈತನಿಗೂ ಬೇಕಾದುದು ದುಬಾರಿಯಾದ ಆಜೀವ ವಿಮೆಯಲ್ಲ. ದುಡಿಯುವ ವಯಸ್ಸಿನಲ್ಲಿ ಸಾವಿಗೆ ಎದುರಾಗಿ ಅಗ್ಗವಾದ ಅವಧಿ ವಿಮೆ, ಅದರಿಂದ ಬೇರೆಯಾಗಿ ಬ್ಯಾಂಕಿನಲ್ಲಿ ಒಂದೆರಡು ವರ್ಷದ ಖರ್ಚಿನಷ್ಟು ಹಣ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ 18ರಿಂದ 50 ವರ್ಷದವರಿಗೆ 2 ಲಕ್ಷ ರೂಪಾಯಿಯ ರಕ್ಷಣೆಯನ್ನು ಕೊಡುತ್ತದೆ. ಅದರ ವಾರ್ಷಿಕ ಕಂತನ್ನು 2022ರಲ್ಲಿ 436 ರೂಪಾಯಿಗೆ ಏರಿಸಲಾಯಿತು. ಮೊತ್ತ ಸಣ್ಣದು, ಆದರೆ ತತ್ತ್ವ ಸರಿಯಾದುದು. ಸಾವಿಗೆ ಒಂದು ಏರ್ಪಾಡು, ಕಷ್ಟಕಾಲಕ್ಕೆ ಇನ್ನೊಂದು. ಒಂದು ಇನ್ನೊಂದನ್ನು ತಿನ್ನಬಾರದು.

ನಮ್ಮ ನಿರ್ಣಯವನ್ನು ಸಂಗ್ರಹವಾಗಿ ಹೇಳುವುದಾದರೆ: ಭೂಮಿಯಲ್ಲಿ ಹಣ ತೊಡಗಿಸಿದವನಿಗೆ ಆಜೀವ ವಿಮೆ ಸಾವಿನಲ್ಲಿ ಸಾಲ ತೀರಿಸುವ, ಪಾಲನ್ನು ಸಮಗೊಳಿಸುವ, ಜಪ್ತಿಯಿಂದ ಕುಟುಂಬವನ್ನು ಕಾಯುವ ಸಾಧನವಾಗಿ ಗ್ರಾಹ್ಯ. ಕಷ್ಟಕಾಲದ ಮುಖ್ಯ ಆಧಾರವಾಗಿ ಅದು ದುರ್ಬಲ. ಭೂಮಿಯ ಹಕ್ಕೇ ಹೋಗುವ ಸಂದರ್ಭದಲ್ಲಿ ನಿರರ್ಥಕ. ಸಾಲವಿಲ್ಲದ ಅಥವಾ ಸಾಲ ಮಿತವಾದ ಖರೀದಿ, ಭೂಮಿಗೆ ಸಂಬಂಧವಿಲ್ಲದ ಸಂಪಾದನೆ, ಪ್ರತ್ಯೇಕವಾದ ನಗದು, ಇವು ಮೂರೂ ಇದ್ದವನಿಗೆ ವಿಮೆ ನಾಲ್ಕನೆಯ ಆಸರೆಯಾದೀತು. ಇವು ಇಲ್ಲದವನಿಗೆ ಅದು ಮೊದಲನೆಯದಾಗಲಾರದು. ಆಚಂದ್ರಾರ್ಕವೆಂದು ಬರೆದ ದತ್ತಿಗಳು ಒಂದು ಕಾಯಿದೆಯಿಂದ ಕೊನೆಗೊಂಡುದನ್ನು ಕಂಡ ನೆಲದಲ್ಲಿ, ಒಂದು ಆಯುಸ್ಸಿನ ಪಾಲಿಸಿಯಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ವಿವೇಕವಲ್ಲ. ಮುಂದಿನ ಅಧ್ಯಯನಕಾರರು 1974ರ ನಂತರ ಒಡೆಯರಾದ ಗೇಣಿದಾರ ಮನೆತನಗಳ ಮೂರು ತಲೆಮಾರಿನ ಲೆಕ್ಕವನ್ನು ಭೂ ನ್ಯಾಯಮಂಡಳಿಯ ಕಡತಗಳಿಂದಲೂ ಕ್ರಯಪತ್ರಗಳಿಂದಲೂ ಹೊರತೆಗೆದರೆ, ಭದ್ರತೆ ಯಾರಿಗೆ ದಕ್ಕಿತು, ಯಾರಿಂದ ಜಾರಿತು ಎಂಬುದಕ್ಕೆ ಇನ್ನೂ ಖಚಿತವಾದ ಉತ್ತರ ದೊರೆಯುತ್ತದೆ.